ಘಾಜಿಯಾಬಾದಿನ ಆಪತ್ಕಾಲದ ನೀರು: ಸರಾಯಿ ಬಾವಿಯಿಂದ ಟ್ಯಾಂಕರಿನವರೆಗೆ

ಘಾಜಿಯಾಬಾದ್ ಗಂಗಾ–ಯಮುನಾ ದೋಆಬ್ ಬಯಲಿನ ನಗರ. ಹಿಂಡನ್ ನದಿ ಇದನ್ನು ಎರಡು ಹೋಳಾಗಿ ಸೀಳಿ ಹರಿದು ಮುಂದೆ ಯಮುನೆಯನ್ನು ಸೇರುತ್ತದೆ. ಮರಳು ಮತ್ತು ಮೆಕ್ಕಲು ಮಣ್ಣಿನ ಈ ನೆಲದಲ್ಲಿ ಹಿಂದೆ ಹೆಚ್ಚು ಅಗೆಯದೆಯೇ ನೀರು ಸಿಗುತ್ತಿತ್ತು. ಇಂದು ನಗರದ ದೊಡ್ಡ ಭಾಗ ಕುಡಿಯುವುದು ಹರಿದ್ವಾರದಿಂದ ಕಾಲುವೆಯಲ್ಲಿ ಹರಿದು ಬರುವ ಗಂಗೆಯನ್ನು. ಕಾಲುಬುಡದ ನೀರಿನಿಂದ ದೂರದ ನೀರಿನವರೆಗಿನ ಈ ಪಯಣದಲ್ಲಿ, ಮಾಮೂಲಿ ಸರಬರಾಜು ನಿಂತ ದಿನ ಜನ ಎಲ್ಲಿಗೆ ಹೋದರು ಎಂಬುದೇ ಆಪತ್ಕಾಲದ ನೀರಿನ ಇತಿಹಾಸ.

ದಾರಿಹೋಕರಿಗೆ ನೀರು ಒದಗಿಸುವುದು ಆಳುವವರ ಹೊಣೆ ಎಂಬ ಭಾವನೆ ಈ ಸೀಮೆಯಲ್ಲಿ ಬಹಳ ಹಳೆಯದು. ದಿಲ್ಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ನಿಂತಿರುವ ಅಶೋಕ ಸ್ತಂಭವನ್ನು 14ನೇ ಶತಮಾನದಲ್ಲಿ ಫಿರೋಜ್ ಶಾ ತುಘಲಕ್ ತೋಪ್ರಾದಿಂದ ತರಿಸಿದ. ಅಶೋಕ ಹೆದ್ದಾರಿಗಳಲ್ಲಿ ಬಾವಿ ತೋಡಿಸಿದ್ದನ್ನೂ, ಮನುಷ್ಯರಿಗೂ ಪಶುಗಳಿಗೂ ಅರವಟ್ಟಿಗೆಗಳನ್ನು ಇಡಿಸಿದ್ದನ್ನೂ ಅದರ ಮೇಲಿನ ಏಳನೆಯ ಶಾಸನ ಹೇಳುತ್ತದೆ. 1540ರಿಂದ 1545ರವರೆಗೆ ಆಳಿದ ಶೇರ್ ಶಾ ಸೂರಿ ಹೆದ್ದಾರಿಗಳಲ್ಲಿ ಸರಾಯಿಗಳನ್ನು, ಅಂದರೆ ದಾರಿಹೋಕರ ತಂಗುದಾಣಗಳನ್ನು, ಕಟ್ಟಿಸಿ, ಅವುಗಳಲ್ಲಿ ಬಾವಿ ತೋಡಿಸಿ, ಹಿಂದೂ ಮತ್ತು ಮುಸ್ಲಿಂ ಪ್ರಯಾಣಿಕರಿಗೆ ನೀರಿನ ಏರ್ಪಾಡು ಮಾಡಿದ.

ಘಾಜಿಯಾಬಾದ್ ಹುಟ್ಟಿದ್ದೂ ಇಂಥದೊಂದು ಸರಾಯಿಯ ಸುತ್ತ. 1740ರಲ್ಲಿ ಮೊಗಲ್ ದರಬಾರಿನ ಪ್ರಮುಖ ಘಾಜಿಉದ್ದೀನ್ ದಿಲ್ಲಿಯ ಪೂರ್ವಕ್ಕೆ ಈ ಊರನ್ನು ಕಟ್ಟಿಸಿ ಘಾಜಿಉದ್ದೀನ್‌ನಗರ ಎಂದು ಹೆಸರಿಟ್ಟ. ಊರ ನಡುವೆ 120 ಕೋಣೆಗಳ ಸರಾಯಿ, ಸುತ್ತ ಗೋಡೆ, ಗೋಡೆಗೆ ಬಾಗಿಲುಗಳು ಇದ್ದವು. ದಿಲ್ಲಿ ಗೇಟ್, ಡಾಸನಾ ಗೇಟ್, ಸಿಹಾನಿ ಗೇಟ್ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಗೋಡೆಯ ಊರಿಗೆ ಒಳಗಿನ ಬಾವಿಯೇ ಜೀವ. ದಂಗೆಯೋ ದಾಳಿಯೋ ಬಂದು ಬಾಗಿಲು ಮುಚ್ಚಿದರೆ ಹೊರಗಿನ ನದಿ ಇದ್ದೂ ಇಲ್ಲದಂತೆ.

ಬಾವಿಯ ನೀರನ್ನು ಬಾಯಾರಿದವರಿಗೆ ತಲುಪಿಸುತ್ತಿದ್ದವರು ಭಿಶ್ತಿಗಳು. ಮೇಕೆಯ ಚರ್ಮದ ಚೀಲವಾದ ಮಶಕನ್ನು ಹೆಗಲಿಗೆ ಹಾಕಿಕೊಂಡು ಅವರು ಮನೆ, ಬೀದಿ, ಸೈನ್ಯದ ಬಿಡಾರಗಳಿಗೆ ನೀರು ಹೊರುತ್ತಿದ್ದರು. ಇನ್ನೊಂದು ಏರ್ಪಾಡು ಪ್ಯಾವು, ಅಂದರೆ ಉತ್ತರದ ಅರವಟ್ಟಿಗೆ. ಜ್ಯೇಷ್ಠ ಮಾಸದ ಉರಿಬಿಸಿಲಲ್ಲಿ ವ್ಯಾಪಾರಿಗಳು, ಜಾತಿ ಬಳಗಗಳು, ದೇವಸ್ಥಾನಗಳು ರಸ್ತೆ ಬದಿಯಲ್ಲಿ ಮಣ್ಣಿನ ಗಡಿಗೆಗಳನ್ನಿಟ್ಟು ನೀರು ಹಂಚುತ್ತವೆ. ನಿರ್ಜಲಾ ಏಕಾದಶಿಯಂದು ತಾವು ನೀರು ಮುಟ್ಟದೆ ಉಪವಾಸವಿದ್ದು ಪರರಿಗೆ ಕೊಡ, ಶರಬತ್ತು ದಾನ ಮಾಡುವುದು ವ್ರತದ ಭಾಗ. 1606ರಲ್ಲಿ ಹುತಾತ್ಮರಾದ ಗುರು ಅರ್ಜನ್ ದೇವರ ನೆನಪಿಗೆ ಸಿಖ್ಖರು ಛಬೀಲ್ ಇಟ್ಟು ಹಾಲು ಬೆರೆಸಿದ ಸಿಹಿನೀರನ್ನು ಎಲ್ಲರಿಗೂ ಕೊಡುತ್ತಾರೆ.

ಈ ಧರ್ಮಕಾರ್ಯಕ್ಕೆ ಒಂದು ಕಳಂಕವೂ ಇತ್ತು. ಅಸ್ಪೃಶ್ಯರೆನಿಸಿಕೊಂಡವರು ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಬೊಗಸೆಯೊಡ್ಡಿ ನಿಂತವರಿಗೆ ದೂರದಿಂದ ನೀರು ಸುರಿಯುತ್ತಿದ್ದರು. 1860ರ ದಶಕದಲ್ಲಿ ರೈಲು ಬಂದ ಮೇಲೂ ಈ ಭೇದ ಅಳಿಯಲಿಲ್ಲ. ಉತ್ತರ ಭಾರತದ ನಿಲ್ದಾಣಗಳಲ್ಲಿ ‘ಹಿಂದೂ ಪಾನಿ’, ‘ಮುಸಲ್ಮಾನ್ ಪಾನಿ’ ಎಂದು ಕೂಗುತ್ತ ಬೇರೆ ಬೇರೆ ನೀರಿನವರು ಓಡಾಡುವುದು ಸ್ವಾತಂತ್ರ್ಯದ ಹೊಸ್ತಿಲವರೆಗೂ ನಡೆದಿತ್ತು. ಎಲ್ಲರಿಗೂ ತೆರೆದಿರದ ಬಾವಿಯನ್ನು ಆಪತ್ತಿನ ಆಸರೆ ಎನ್ನಲಾಗದು.

ನೀರು ಸಿಗದಾಗ ಏನಾಗುತ್ತದೆ ಎಂಬುದಕ್ಕೆ 1857ರ ಹಿಂಡನ್ ಕಾಳಗ ಸಾಕ್ಷಿ. ಮೇ 30 ಮತ್ತು 31ರಂದು ಮೇರಠಿನಿಂದ ಬಂದ ಬ್ರಿಗೇಡಿಯರ್ ಆರ್ಚ್‌ಡೇಲ್ ವಿಲ್ಸನ್‌ನ ಪಡೆಯನ್ನು ದಿಲ್ಲಿಯ ಬಂಡಾಯ ಸೈನಿಕರು ಇಲ್ಲಿ ಎದುರಿಸಿದರು. ಎರಡನೆಯ ದಿನ ಬ್ರಿಟಿಷ್ ಸೈನಿಕರಲ್ಲಿ ಹಲವರು ಗುಂಡಿಗಲ್ಲ, ಬಿಸಿಲಿನ ಹೊಡೆತಕ್ಕೆ ಬಿದ್ದರು. ಬಿಸಿಲು, ಬಾಯಾರಿಕೆಗಳಿಂದ ಬಳಲಿದ ಪಡೆ ಹಿಮ್ಮೆಟ್ಟಿದವರನ್ನು ಬೆನ್ನಟ್ಟಲಾರದೆ ಹೋಯಿತು.

ಅಷ್ಟರಲ್ಲಿ ಊರಿನ ಪಕ್ಕದಲ್ಲೇ ಇನ್ನೊಂದು ನೀರು ಹರಿಯತೊಡಗಿತ್ತು. 1837–38ರ ಭೀಕರ ಬರದ ನಂತರ ಬ್ರಿಟಿಷ್ ಎಂಜಿನಿಯರ್ ಪ್ರೋಬಿ ಕಾಟ್ಲಿಯ ಯೋಜನೆಯಂತೆ 1842ರಲ್ಲಿ ಶುರುವಾದ ಗಂಗಾ ಕಾಲುವೆ 1854ರಲ್ಲಿ ತೆರೆಯಿತು. ಹರಿದ್ವಾರದಲ್ಲಿ ಹೊರಟು ಮುರಾದ್‌ನಗರ, ಮಸೂರಿಗಳ ಬಳಿ ಹಾದುಹೋಗುವ ಈ ಕಾಲುವೆ ಹೊಲಗಳಿಗಾಗಿ ತೋಡಿದ್ದು. ಅದು ಮುಂದೆ ನಗರಗಳ ಕೊಡ ತುಂಬಬೇಕಾಗುತ್ತದೆಂದು ಆಗ ಯಾರೂ ಎಣಿಸಿರಲಿಲ್ಲ.

ಸ್ವಾತಂತ್ರ್ಯಾನಂತರ ತೆರೆದ ಬಾವಿಯ ಜಾಗವನ್ನು ಕೈಪಂಪು ಹಿಡಿಯಿತು. 1960ರ ದಶಕದ ಬರಗಳ ಬಳಿಕ ಬೋರು ಕೊರೆಸುವ ಕೆಲಸಕ್ಕೆ ವೇಗ ಬಂತು. ಸೋಲಾಪುರ ಪಂಪಿನ ಮಾದರಿಯನ್ನು ಸುಧಾರಿಸಿ ಯುನಿಸೆಫ್ ಮತ್ತು ಸರ್ಕಾರದ ಸಹಯೋಗದಲ್ಲಿ 1970ರ ದಶಕದಲ್ಲಿ ರೂಪುಗೊಂಡ ಇಂಡಿಯಾ ಮಾರ್ಕ್ 2 ಪಂಪು ಉತ್ತರ ಪ್ರದೇಶದ ಓಣಿ ಓಣಿಗಳಲ್ಲಿ ‘ಸರಕಾರಿ ನಲ್’ ಆಗಿ ನಿಂತಿತು. ಬಾಯಿ ಮುಚ್ಚಿದ ಕೊಳವೆಯಾದ್ದರಿಂದ ಕಸ ಬೀಳದು, ವಿದ್ಯುತ್ತಿಲ್ಲದಿದ್ದರೂ ನಡೆಯುತ್ತದೆ. ಮೋಟಾರು, ಪೈಪು ಎರಡೂ ಕೈಕೊಟ್ಟ ದಿನ ಇದಕ್ಕಿಂತ ನಂಬಿಕೆಯ ಸಾಧನ ನಗರಕ್ಕೆ ಇರಲಿಲ್ಲ.

ಆದರೆ ಸಿಕ್ಕಿದ ನೀರೆಲ್ಲ ಕುಡಿಯುವ ನೀರಲ್ಲ ಎಂಬುದನ್ನು ನೆರೆಯ ದಿಲ್ಲಿ ಎರಡು ಬಾರಿ ಕಲಿಸಿತು. 1955ರ ಕೊನೆಯಲ್ಲಿ ನಜಫ್‌ಗಢ್ ನಾಲೆಯ ಕೊಳಚೆ ಯಮುನೆಯ ವಜೀರಾಬಾದ್ ನೀರೆತ್ತುವ ತಾಣಕ್ಕೆ ನುಗ್ಗಿತು. ಹೆಚ್ಚು ಕ್ಲೋರಿನ್ ಹಾಕಿದ್ದರಿಂದ ವಾಂತಿಭೇದಿಯಂಥ ಬ್ಯಾಕ್ಟೀರಿಯಾ ರೋಗಗಳು ತಪ್ಪಿದವು. ಕಾಮಾಲೆ ಮಾತ್ರ ತಪ್ಪಲಿಲ್ಲ. ಸುಮಾರು 29,000 ಜನ ಹಾಸಿಗೆ ಹಿಡಿದರು. ಅದು ಹೆಪಟೈಟಿಸ್ ಇ ವೈರಸ್ಸಿನ ಕೆಲಸವೆಂದು ದಶಕಗಳ ನಂತರ ಗೊತ್ತಾಯಿತು. 1988ರಲ್ಲಿ ಯಮುನೆಯಾಚೆಯ ಪುನರ್ವಸತಿ ಕಾಲೊನಿಗಳಲ್ಲಿ ಕಾಲರಾ ಹಬ್ಬಿತು. ಶೌಚದ ಕೊಳೆ ಇಂಗಿದ ನೆಲದಿಂದ ಮೇಲ್ಪದರದ ನೀರೆತ್ತುತ್ತಿದ್ದ, ಆಳವಿಲ್ಲದ ಕೈಪಂಪುಗಳು ಅದಕ್ಕೆ ದೊಡ್ಡ ಕಾರಣವಾಗಿದ್ದವು.

ಘಾಜಿಯಾಬಾದ್ 1976ರ ನವೆಂಬರ್ 14ರಂದು ಮೇರಠಿನಿಂದ ಬೇರೆಯಾಗಿ ಜಿಲ್ಲೆಯಾಯಿತು. 1994ರಲ್ಲಿ ಅದಕ್ಕೆ ನಗರ ನಿಗಮ ಬಂತು. ಹಿಂಡನ್ನಿನಾಚೆ ವೈಶಾಲಿ, ವಸುಂಧರಾ, ಇಂದಿರಾಪುರಂ ಎದ್ದವು. ಅಂತರ್ಜಲವೊಂದೇ ಸಾಲದಾದಾಗ ಕಾಲುವೆಯ ನೀರನ್ನು ತಂದು ಪ್ರತಾಪ್ ವಿಹಾರದ ಘಟಕದಲ್ಲಿ ಶುದ್ಧೀಕರಿಸಿ ಹಂಚುವ ವ್ಯವಸ್ಥೆಯಾಯಿತು. ನಿವಾಸಿಗಳು ಅದನ್ನು ‘ಗಂಗಾಜಲ್’ ಎಂದೇ ಕರೆಯುತ್ತಾರೆ. ನೊಯ್ಡಾ ಕೂಡ ಈ ನೀರಿಗೆ ಪಾಲುದಾರ. ದಿಲ್ಲಿಯ ಭಾಗೀರಥಿ ಮತ್ತು ಸೋನಿಯಾ ವಿಹಾರ ಘಟಕಗಳೂ ಮುರಾದ್‌ನಗರದಿಂದಲೇ ಗಂಗೆಯನ್ನು ಪಡೆಯುತ್ತವೆ.

ಇದರೊಂದಿಗೆ ಹೊಸ ಬಗೆಯ ಆಪತ್ತೂ ಬಂತು, ಅದೂ ಪಂಚಾಂಗದ ಹಬ್ಬದಂತೆ ವರ್ಷವರ್ಷವೂ. ಹೂಳು ತೆಗೆಯಲು, ದುರಸ್ತಿ ಮಾಡಲು ಸಾಮಾನ್ಯವಾಗಿ ದಸರೆಯಿಂದ ದೀಪಾವಳಿಯವರೆಗೆ ಕಾಲುವೆಯನ್ನು ಮುಚ್ಚುತ್ತಾರೆ. ಹಬ್ಬದ ದಿನಗಳಲ್ಲೇ ನಲ್ಲಿ ಒಣಗುತ್ತದೆ. ಆಗ ಕೊಳವೆಬಾವಿಗಳು, ನಿಗಮದ ಟ್ಯಾಂಕರುಗಳು, ಇಪ್ಪತ್ತು ಲೀಟರಿನ ಜಾರುಗಳು ನಗರವನ್ನು ನಡೆಸುತ್ತವೆ. ಹಣವುಳ್ಳ ಸೊಸೈಟಿ ಖಾಸಗಿ ಟ್ಯಾಂಕರು ತರಿಸಿಕೊಳ್ಳುತ್ತದೆ. ಇಲ್ಲದವರು ಸಾಲಿನಲ್ಲಿ ನಿಲ್ಲುತ್ತಾರೆ.

ಇದೇ ಅವಧಿಯಲ್ಲಿ ಹತ್ತಿರದ ನೀರು ಕೆಟ್ಟುಹೋಯಿತು. ಸಹಾರನ್‌ಪುರ ಜಿಲ್ಲೆಯಲ್ಲಿ ಹುಟ್ಟುವ ಹಿಂಡನ್, ಕಾಳಿ ಮತ್ತು ಕೃಷ್ಣಿ ನದಿಗಳನ್ನು ಕೂಡಿಕೊಂಡು ಬರುವಾಗ ಸಕ್ಕರೆ, ಕಾಗದ, ಮದ್ಯದ ಕಾರ್ಖಾನೆಗಳ ಹೊಲಸನ್ನೂ ಊರುಗಳ ಕೊಳಚೆಯನ್ನೂ ಹೊತ್ತು ತರುತ್ತದೆ. ಆ ವಿಷ ಅಂತರ್ಜಲಕ್ಕೂ ಇಳಿಯಿತು. ಈ ನದಿಗಳ ದಡದ ಜಿಲ್ಲೆಗಳಲ್ಲಿ ಕಲುಷಿತ ನೀರಿನ ಕೈಪಂಪುಗಳನ್ನು ಮುಚ್ಚಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಬೇಕಾಯಿತು. ಆಪತ್ತಿಗೆಂದೇ ನಿಂತಿದ್ದ ಪಂಪೇ ಆಪತ್ತಾದದ್ದು ಈ ಇತಿಹಾಸದ ಅತ್ಯಂತ ನೋವಿನ ಅಧ್ಯಾಯ.

ದೂರದ ನೀರು ಎಷ್ಟು ಸುಲಭವಾಗಿ ನಿಂತೀತು ಎಂಬುದು 2016ರ ಫೆಬ್ರುವರಿಯಲ್ಲಿ ಕಂಡಿತು. ಹರಿಯಾಣದ ಜಾಟ್ ಮೀಸಲಾತಿ ಚಳವಳಿಗಾರರು ದಿಲ್ಲಿಗೆ ನೀರು ತರುವ ಮುನಕ್ ಕಾಲುವೆಯನ್ನು ತಡೆದಾಗ ದಿಲ್ಲಿಯ ನೀರಿನ ಘಟಕಗಳು ಒಂದೊಂದಾಗಿ ನಿಂತವು. ಕಾಲುವೆಯನ್ನು ಬಿಡಿಸಿಕೊಳ್ಳಲು ಸೈನ್ಯ ಬರಬೇಕಾಯಿತು. 2023ರ ಜುಲೈಯಲ್ಲಿ ಆಪತ್ತು ಪ್ರವಾಹದ ರೂಪದಲ್ಲಿ ಬಂತು. ದಿಲ್ಲಿಯಲ್ಲಿ ಯಮುನೆ 208.66 ಮೀಟರ್ ಮುಟ್ಟಿದಾಗ ವಜೀರಾಬಾದ್, ಚಂದ್ರಾವಲ್, ಓಖ್ಲಾ ಘಟಕಗಳನ್ನು ಮುಚ್ಚಿದರು. ಹಿಂಡನ್ ಕೂಡ ಉಕ್ಕಿ ದಡದ ಬಡಾವಣೆಗಳಿಗೆ ನುಗ್ಗಿತು. ಸುತ್ತಲೂ ನೀರು, ಕುಡಿಯಲು ಮಾತ್ರ ಟ್ಯಾಂಕರು.

ಇಷ್ಟು ಅನುಭವದಿಂದ ಕೆಲವು ನಿಯಮಗಳು ಸ್ಪಷ್ಟವಾಗಿವೆ. ಸರಬರಾಜು ನಿಂತಾಗ ಮೊದಲ ಆಸರೆ ಮನೆಯದೇ ಸಂಪು ಮತ್ತು ಮೇಲ್ತೊಟ್ಟಿ. ಮುಚ್ಚಳ ಭದ್ರವಾಗಿದ್ದು ಆಗಾಗ ತೊಳೆದಿದ್ದರೆ ಮಾತ್ರ. ಆಮೇಲೆ ಪರೀಕ್ಷಿಸಿದ ಆಳದ ಕೈಪಂಪು ಮತ್ತು ನಿಗಮದ ಟ್ಯಾಂಕರು. ಸಂಶಯದ ನೀರನ್ನು ಬಟ್ಟೆಯಲ್ಲಿ ಸೋಸಿ, ಕನಿಷ್ಠ ಒಂದು ನಿಮಿಷ ಕೊತಕೊತ ಕುದಿಸಬೇಕು, ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಬೇಕು. ಕುದಿಸುವುದರಿಂದ ರೋಗಾಣು ಸಾಯುತ್ತದೆ. ಕಾರ್ಖಾನೆಯ ರಾಸಾಯನಿಕ ಹೋಗುವುದಿಲ್ಲ. ಆದ್ದರಿಂದ ಹಿಂಡನ್ ದಡದ ಸಂಶಯದ ನೀರನ್ನು ಕುಡಿಯಲೇಬಾರದು.

ಆಪತ್ಕಾಲದ ನೀರು ಆಪತ್ತು ಬಂದ ದಿನ ಹುಡುಕಿದರೆ ಸಿಗುವಂಥದಲ್ಲ. ಸರಾಯಿಯ ಬಾವಿ, ಪ್ಯಾವಿನ ಗಡಿಗೆ, ಸರಕಾರಿ ನಲ್ ಎಲ್ಲವನ್ನೂ ಯಾರೋ ಮೊದಲೇ ಸಿದ್ಧಮಾಡಿ ಕಾಯ್ದಿದ್ದರಿಂದಲೇ ಅವು ಒದಗಿದವು. ಗಂಗೆ ದೂರದಿಂದ ಬರಲಿ; ಜೊತೆಗೆ ಪ್ರತಿ ಬಡಾವಣೆಯೂ ತನ್ನ ಒಂದಾದರೂ ಪಂಪನ್ನು ಪರೀಕ್ಷಿಸಿ, ದುರಸ್ತಿಯಲ್ಲಿಟ್ಟು, ಜಾತಿಮತ ನೋಡದೆ ಎಲ್ಲರಿಗೂ ತೆರೆದಿಡಬೇಕು. ಹಿಂಡನ್ನನ್ನು ಶುದ್ಧಗೊಳಿಸುವ ಕೆಲಸವೂ ಈ ಸಿದ್ಧತೆಯ ಭಾಗವೇ.