ಊರಿನ ನಕಾಶೆ ಎಲ್ಲಿ?

ದಾರಿ ತೋರಿಸಲು ಫೋನು ಇರುವಾಗ ಮಕ್ಕಳಿಗೆ ನಕಾಶೆ ಓದುವುದನ್ನು ಏಕೆ ಕಲಿಸಬೇಕು ಎಂಬ ಮಾತು ಈಚೆಗೆ ಶಿಕ್ಷಕರ ಬಾಯಲ್ಲೂ ಕೇಳಿಬರುತ್ತಿದೆ. ಫೋನಿನ ನೀಲಿ ಚುಕ್ಕೆ ನೀವು ಎಲ್ಲಿದ್ದೀರಿ ಎಂಬುದನ್ನು ಮೊದಲೇ ಹೇಳಿಬಿಡುತ್ತದೆ. ಫೋನು ಹಿಡಿದವರು ತಿರುಗಿದಂತೆ ನಕಾಶೆಯೂ ತಿರುಗಿಕೊಳ್ಳುತ್ತದೆ. ತನ್ನ ಜಾಗ ಗುರುತಿಸಿಕೊಳ್ಳುವುದು, ಕೈಯಲ್ಲಿರುವ ಹಾಳೆಯನ್ನು ಕಾಲಡಿಯ ನೆಲಕ್ಕೆ ಹೊಂದಿಸುವುದು, ಇವೆರಡೂ ನಕಾಶೆ ಓದುವವರು ಮಾಡಬೇಕಾದ ಕಷ್ಟದ ಕೆಲಸಗಳು. ಯಂತ್ರ ಅವನ್ನು ತಾನೇ ಮಾಡಿ ಮುಗಿಸುತ್ತದೆ. ಮಗು ಕಲಿಯಬೇಕಾದದ್ದು ಅವೆರಡನ್ನೇ. ಈ ಕಲಿಕೆ ಹೇಗೆ ನಡೆಯುತ್ತದೆ ಎಂಬ ಬಗ್ಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಬಹಳ ಕೆಲಸವಾಗಿದೆ. ನಮ್ಮ ತರಗತಿಗಳಿಗೆ ಅದರ ಸುದ್ದಿ ತಲುಪಿದ್ದು ಕಡಿಮೆ.

ಹಳೆಯ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ರೂಸೋ 1762ರ ‘ಎಮಿಲ್’ನಲ್ಲಿ ಮಗುವಿನ ಭೂಗೋಳ ಅದು ವಾಸಿಸುವ ಊರಿನಿಂದಲೇ ಶುರುವಾಗಬೇಕು, ಅದರ ನಕಾಶೆಯನ್ನು ಮಗುವೇ ಬರೆಯಬೇಕು ಎಂದಿದ್ದ. ಅದೇ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಭೂಪಟಗಳನ್ನು ಮರದ ಹಲಗೆಗೆ ಅಂಟಿಸಿ, ಗಡಿಗಳುದ್ದಕ್ಕೂ ಕತ್ತರಿಸಿ, ಜೋಡಿಸುವ ಆಟಿಕೆ ಮಾಡಿ ಮಾರಿದ. ಶಾಲೆಗಳು ರೂಸೋನನ್ನು ಹೊಗಳಿದವು, ಸ್ಪಿಲ್ಸ್‌ಬರಿಯ ದಾರಿಯಲ್ಲಿ ನಡೆದವು. ನ್ಯೂಯಾರ್ಕಿನ ಲೂಸಿ ಸ್ಪ್ರೇಗ್ ಮಿಚೆಲ್ 1934ರಲ್ಲಿ ‘ಯಂಗ್ ಜಿಯಾಗ್ರಫರ್ಸ್’ ಬರೆದು, ಮಕ್ಕಳನ್ನು ಬೀದಿಗೆ ಕರೆದೊಯ್ಯಿರಿ ಎಂದರು. ಕೇಳಿದವರು ಕೆಲವರೇ.

ಮಕ್ಕಳು ನಕಾಶೆ ಕಲಿಯುವುದು ಸಂಶೋಧನೆಯ ವಿಷಯವಾದದ್ದು ಮನಶ್ಶಾಸ್ತ್ರಜ್ಞ ಪಿಯಾಜೆಯಿಂದ. 1948ರಲ್ಲಿ ಬಾರ್ಬೆಲ್ ಇನ್‌ಹೆಲ್ಡರ್ ಜೊತೆ ಅವರು ಪ್ರಕಟಿಸಿದ ಪುಸ್ತಕದಲ್ಲಿ ಮೂರು ಬೆಟ್ಟಗಳ ಪ್ರಯೋಗವಿದೆ. ಮೇಜಿನ ಮೇಲೆ ಮೂರು ಬೆಟ್ಟಗಳ ಮಾದರಿ ಇರುತ್ತದೆ. ಬೇರೆ ಬದಿಯಲ್ಲಿ ಕೂತ ಗೊಂಬೆಗೆ ಬೆಟ್ಟಗಳು ಹೇಗೆ ಕಾಣುತ್ತವೆ ಎಂದು ಕೇಳಿದರೆ, ಚಿಕ್ಕ ಮಕ್ಕಳು ತಮಗೆ ಕಾಣುವುದನ್ನೇ ಹೇಳುತ್ತಾರೆ. ಪ್ರಯೋಗ ಸೊಗಸಾಗಿದೆ. ಆದರೆ ಶಿಕ್ಷಕರ ತರಬೇತಿಯಲ್ಲಿ ಅದನ್ನು ವೇಳಾಪಟ್ಟಿಯಂತೆ ಓದಲಾಯಿತು: ಎಂಟೊಂಬತ್ತು ವರ್ಷದವರೆಗೆ ನಕಾಶೆ ಬೇಡ ಎಂಬ ತೀರ್ಮಾನ ಎಲ್ಲೆಡೆ ಹಬ್ಬಿತು.

ಈ ತೀರ್ಮಾನವನ್ನು ಅಲುಗಾಡಿಸಿದವರು ಭೂಗೋಳಶಾಸ್ತ್ರಜ್ಞ ಜೇಮ್ಸ್ ಬ್ಲಾಟ್ ಮತ್ತು ಅವರ ಜೊತೆಗಾರರು. 1970ರ ಸುಮಾರಿಗೆ ಅಮೆರಿಕ ಮತ್ತು ಪೋರ್ಟೊರಿಕೊದಲ್ಲಿ ಶಾಲೆಗೆ ಆಗತಾನೆ ಸೇರಿದ ಮಕ್ಕಳ ಮುಂದೆ ಅವರು ವಿಮಾನದಿಂದ ತೆಗೆದ ಚಿತ್ರಗಳನ್ನಿಟ್ಟರು. ಯಾರೂ ಹೇಳಿಕೊಡದೆ ಮಕ್ಕಳು ಮನೆ, ರಸ್ತೆ ಗುರುತಿಸಿದರು. ಚಿತ್ರದ ಮೇಲೆ ಹಾಳೆ ಇಟ್ಟು ಗೆರೆ ಎಳೆದು ತಾವೇ ನಕಾಶೆ ಮಾಡಿದರು. ಚಿತ್ರ ತೆಗೆದ ಮೇಲೂ ಆ ನಕಾಶೆಯ ಮೇಲೆ ಒಂದು ಮನೆಯಿಂದ ಇನ್ನೊಂದಕ್ಕೆ ದಾರಿ ಬರೆದರು.

ಸಂಶೋಧಕರಾದ ಲಿನ್ ಲಿಬೆನ್ ಮತ್ತು ರೋಜರ್ ಡೌನ್ಸ್ ಇದನ್ನು ಒಪ್ಪಿಯೂ ಒಪ್ಪಲಿಲ್ಲ. ಇಡೀ ನಕಾಶೆ ಒಂದು ಊರು ಎಂದು ತಿಳಿದ ಮಗುವಿಗೆ ಅದರೊಳಗಿನ ಪ್ರತಿ ಚಿಹ್ನೆಯೂ ತಿಳಿದಿರಬೇಕೆಂದಿಲ್ಲ ಎಂಬುದು ಅವರ ವಾದ. ಕೆಂಪು ಗೆರೆ ರಸ್ತೆ ಎಂದು ಒಪ್ಪಿದ ಮಕ್ಕಳು, ಅಲ್ಲಿಗೆ ಹೋದರೆ ರಸ್ತೆಯೂ ಕೆಂಪಗಿರುತ್ತದೆ ಎಂದರು. ಗೆರೆ ಇಷ್ಟು ಸಪೂರ, ಇದರಲ್ಲಿ ಎರಡು ಕಾರು ಹೇಗೆ ಹಿಡಿಸುತ್ತವೆ ಎಂದೂ ಕೇಳಿದರು. ವಿಮಾನದ ಚಿತ್ರದಲ್ಲಿದ್ದ ಟೆನಿಸ್ ಅಂಗಳ ಒಂದು ಮಗುವಿಗೆ ಬಾಗಿಲಾಗಿ ಕಂಡಿತು. ಇಬ್ಬಣದವರ ವಾಗ್ವಾದ 1990ರ ದಶಕದ ಕೊನೆಯವರೆಗೂ ನಡೆಯಿತು. ಪಾಠ ಮಾಡುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಲಿಬೆನ್ ಮತ್ತು ಡೌನ್ಸ್ ಬರೆದದ್ದು, ಏಕೆಂದರೆ ಮಗು ಎಲ್ಲಿ ಎಡವುತ್ತದೆ ಎಂಬುದನ್ನು ಅವರು ಬೆರಳಿಟ್ಟು ತೋರಿಸಿದ್ದಾರೆ.

ಈ ಎಡವುವಿಕೆಯ ಬೇರನ್ನು ಹುಡುಕಿದವರು ಮನಶ್ಶಾಸ್ತ್ರಜ್ಞೆ ಜೂಡಿ ಡಿಲೋಚೆ. 1987ರಲ್ಲಿ ಪ್ರಕಟವಾದ ಅವರ ಪ್ರಯೋಗ ಸರಳವಾದದ್ದು. ಕೋಣೆಯ ಪುಟ್ಟ ಮಾದರಿಯಲ್ಲಿ ಪುಟ್ಟ ಗೊಂಬೆಯನ್ನು ಬಚ್ಚಿಡುವುದನ್ನು ಮಗು ನೋಡುತ್ತದೆ. ಆಮೇಲೆ ನಿಜವಾದ ಕೋಣೆಯಲ್ಲಿ, ಅದೇ ಜಾಗದಲ್ಲಿರುವ ದೊಡ್ಡ ಗೊಂಬೆಯನ್ನು ಹುಡುಕಬೇಕು. 3 ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಹುಡುಕಿದರು. ಎರಡೂವರೆ ವರ್ಷದವರಲ್ಲಿ ಹೆಚ್ಚಿನವರು ಸೋತರು, ಪುಟ್ಟ ಗೊಂಬೆ ಎಲ್ಲಿದೆ ಎಂಬುದು ಅವರಿಗೆ ಚೆನ್ನಾಗಿ ನೆನಪಿದ್ದರೂ. ಮಾದರಿ ಅವರಿಗೆ ಆಟಿಕೆಯಾಗಿ ಕಂಡಿತೇ ಹೊರತು ಇನ್ನೊಂದರ ಗುರುತಾಗಿ ಕಾಣಲಿಲ್ಲ. ಅದನ್ನು ಗಾಜಿನ ಹಿಂದೆ, ಮುಟ್ಟಲಾಗದಂತೆ ಇಟ್ಟಾಗ ಈ ಚಿಕ್ಕವರೂ ಸುಧಾರಿಸಿದರು. ಮಾದರಿಯೊಂದಿಗೆ ಮೊದಲೇ ಆಡಲು ಬಿಟ್ಟಾಗ 3 ವರ್ಷದವರೂ ತಪ್ಪಿದರು. ಪಠ್ಯಪುಸ್ತಕಗಳ ಚಿತ್ರಕಾರರು ಇದನ್ನು ಗಮನಿಸಬೇಕು: ಕಿಟಕಿ, ಹೂಕುಂಡ, ನಗುವ ಸೂರ್ಯ ಎಲ್ಲ ತುಂಬಿದ ‘ನಮ್ಮ ಊರು’ ನಕಾಶೆಯಲ್ಲಿ ಮಗು ಚಿತ್ರವನ್ನು ನೋಡುತ್ತದೆ, ಊರನ್ನು ಕಾಣುವುದಿಲ್ಲ.

ಚಿಹ್ನೆಗಳ ಮಾತು ಇಷ್ಟಾಯಿತು; ಜಾಗ ಗುರುತಿಸಲು ನಕಾಶೆಯ ಮೇಲೆ ಎಳೆಯುವ ಚೌಕಗಳ ವಿಷಯದಲ್ಲಿ ಅಧ್ಯಯನ ಕಡಿಮೆ. ಎರಡು ಅಂಚುಗಳಿಂದ ಹೊರಟ ಗೆರೆಗಳು ಸೇರುವ ಜಾಗವನ್ನು ನಾಲ್ಕರಿಂದ ಆರು ವರ್ಷದ ಮಕ್ಕಳು ಗುರುತಿಸಬಲ್ಲರು ಎಂದು ಸೂಸನ್ ಸಾಮರ್ವಿಲ್ ಮತ್ತು ಪೀಟರ್ ಬ್ರಯಂಟ್ 1985ರಲ್ಲಿ ತೋರಿಸಿದರು. ತೊಡಕು ಬೇರೆ ಕಡೆ ಇದೆ. ನಗರದ ನಕಾಶೆಯ ‘ಬಿ 3’ ಎಂಬುದು ಒಂದು ಚೌಕದ, ಅಂದರೆ ಮನೆಯ, ಹೆಸರು. ಅಕ್ಷಾಂಶ, ರೇಖಾಂಶ ಮತ್ತು ಗಣಿತದ ಗ್ರಾಫಿನ ಅಂಕಿಗಳು ಗೆರೆಗಳ ಹೆಸರು. ಮೊದಲನೆಯದನ್ನು ಕಲಿತ ಮಗು ಎರಡನೆಯದಕ್ಕೆ ಬಂದಾಗ ಗೆರೆಗಳ ನಡುವಿನ ಖಾಲಿ ಜಾಗವನ್ನೇ ಎಣಿಸುತ್ತಿರುತ್ತದೆ. ಇಂಗ್ಲೆಂಡಿನ ಪಠ್ಯಕ್ರಮ ಇದನ್ನು ಮೆಟ್ಟಿಲುಗಳಾಗಿ ಒಡೆದಿದೆ: ಏಳರೊಳಗಿನ ಮಕ್ಕಳಿಗೆ ಸರಳ ನಕಾಶೆ ಮತ್ತು ಸೂಚಿ, ಆಮೇಲೆ ನಾಲ್ಕಂಕಿಯ, ಆರಂಕಿಯ ಚೌಕ ಸಂಖ್ಯೆ. ಈ ಶತಮಾನದ ಮೊದಲ ದಶಕದಲ್ಲಿ ಅಲ್ಲಿನ ನಕಾಶೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆ 11 ವರ್ಷದ ಮಕ್ಕಳಿಗೆ ಅವರವರ ಸೀಮೆಯ ನಕಾಶೆಯನ್ನು ಉಚಿತವಾಗಿ ಕೊಡುತ್ತಿತ್ತು.

ಭಾರತದಲ್ಲಿ ಅದೇ ಹೊತ್ತಿಗೆ ಸರ್ವೆ ಆಫ್ ಇಂಡಿಯಾದ ದೊಡ್ಡ ಪ್ರಮಾಣದ ನಕಾಶೆಗಳನ್ನು ಸಾಮಾನ್ಯರು ಪಡೆಯುವುದೇ ಕಷ್ಟವಾಗಿತ್ತು. ಹೀಗಾಗಿ ಇಲ್ಲಿನ ಮಗುವಿಗೆ ನಕಾಶೆ ಎಂದರೆ ಗೋಡೆಗೆ ತೂಗುಹಾಕಿದ ದೇಶ. ಉತ್ತರ ಎಂದರೆ ಮೇಲೆ, ಚಾವಣಿಯ ಕಡೆ. ಎಸ್ಎಸ್ಎಲ್‌ಸಿ ಪರೀಕ್ಷೆಯಲ್ಲಿ ಭಾರತದ ಗಡಿರೇಖೆ ಬರೆದು ಸ್ಥಳ ಗುರುತಿಸುವ ಪ್ರಶ್ನೆಗೆ ಕೈ ಪಳಗುತ್ತದೆ, ನಕಾಶೆ ಹಿಡಿದು ಪಕ್ಕದ ಬೀದಿಗೆ ಹೋಗುವುದು ಬರುವುದಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಬಂದ ಎನ್‌ಸಿಇಆರ್‌ಟಿ ಪುಸ್ತಕಗಳು ಈ ಕೊರತೆಯನ್ನು ನೀಗಲು ನಿಜವಾಗಿ ಶ್ರಮಿಸಿದವು. 3ನೇ ತರಗತಿಯ ಗಣಿತದಲ್ಲಿ ವಸ್ತುಗಳು ಮೇಲಿನಿಂದ ಹೇಗೆ ಕಾಣುತ್ತವೆ ಎಂಬ ಪಾಠ ಬಂತು. 5ನೇ ತರಗತಿಯ ಪರಿಸರ ಅಧ್ಯಯನದಲ್ಲಿ ಗೋಲ್ಕೊಂಡ ಕೋಟೆಯ ನಕಾಶೆ ಬಂತು. ಆದರೂ ಚೌಕ ಗಣಿತದಲ್ಲಿ, ಚಿಹ್ನೆ ಪರಿಸರ ಅಧ್ಯಯನದಲ್ಲಿ ಹಂಚಿಹೋದವು. ಎರಡೂ ಒಂದೇ ಹಾಳೆಯ ಮೇಲೆ ಸೇರುವುದು ಅಪರೂಪ.

ಕರ್ನಾಟಕದ ಮಗು ಚೌಕ, ಚಿಹ್ನೆ ಎರಡಕ್ಕೂ ಹೊಸದೇನಲ್ಲ. ಚೌಕಾಬಾರದ ಅಡ್ಡ 5, ಉದ್ದ 5 ಮನೆಗಳಲ್ಲಿ ಕಾಯಿ ನಡೆಸುವ ಮಗುವಿಗೆ, ಗೀಟು ಹಾಕಿದ ಮನೆಯಲ್ಲಿ ಕೂತ ಕಾಯಿಯನ್ನು ಹೊಡೆಯುವಂತಿಲ್ಲ ಎಂದು ಗೊತ್ತು. ಆ ಗೀಟಿಗೂ ರಕ್ಷಣೆಗೂ ರೂಪದಲ್ಲಿ ಯಾವ ಹೋಲಿಕೆಯೂ ಇಲ್ಲ; ಆಟದ ಒಪ್ಪಂದ ಮಾತ್ರ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕೆಯಲ್ಲೂ ಹೀಗೆಯೇ: ಕಲಿಕಾ ಏಣಿಯ ಮೇಲಿನ ಲೋಗೋ ನೋಡಿ ಒಂದನೇ ತರಗತಿಯ ಮಗು ತನ್ನ ಕಾರ್ಡನ್ನು ತಾನೇ ಆರಿಸಿಕೊಳ್ಳುತ್ತದೆ. ಹೋಲಿಕೆಯಿಲ್ಲದ ಚಿಹ್ನೆ ಚಿಕ್ಕವರಿಗೆ ತಿಳಿಯದು ಎನ್ನುವವರು ಒಂದು ನಲಿ-ಕಲಿ ಕೊಠಡಿಯಲ್ಲಿ ಕೂತು ನೋಡಬೇಕು.

ಸಾಮಗ್ರಿಯ ಅಭಾವ ಎಂಬ ಹಳೆಯ ನೆಪವೂ ಈಗ ಉಳಿದಿಲ್ಲ. ಕಂದಾಯ ಇಲಾಖೆಯ ಗ್ರಾಮ ನಕಾಶೆಗಳು ಅಂತರ್ಜಾಲದಲ್ಲಿ ಸಿಗುತ್ತವೆ. 1:7920 ಪ್ರಮಾಣದ ಆ ಹಾಳೆಯಲ್ಲಿ ಕೆರೆ, ಹಳ್ಳ, ಕಾಲುದಾರಿ, ಪ್ರತಿ ಹೊಲದ ಸರ್ವೆ ನಂಬರು ಎಲ್ಲ ಇವೆ. ಜಮೀನಿನ ತಕರಾರಿಗೆ ಹೊರಬರುವ ಈ ಹಾಳೆ ಶಾಲೆಯೊಳಗೆ ಕಾಣಸಿಗುವುದು ವಿರಳ. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಇಡೀ ದೇಶವನ್ನು 16 ಮನೆಗಳಾಗಿ, ಪ್ರತಿ ಮನೆಯನ್ನು ಮತ್ತೆ 16 ಮನೆಗಳಾಗಿ ಒಡೆಯುತ್ತಾ, ಸುಮಾರು 4 ಮೀಟರ್ ಅಗಲದ ಚೌಕದವರೆಗೆ ಇಳಿಯುತ್ತದೆ. 4ನೇ ತರಗತಿಯ ಮಗುವಿಗೆ ವಿವರಿಸಬಹುದಾದ ವ್ಯವಸ್ಥೆ ಇದು.

ಗ್ರಾಮ ನಕಾಶೆಯನ್ನು ನೆಲದ ಮೇಲೆ ಹಾಸಿ, ಉತ್ತರವನ್ನು ನಿಜವಾದ ಉತ್ತರಕ್ಕೆ ತಿರುಗಿಸಿ, ಪೆನ್ಸಿಲಿನಲ್ಲಿ ಚೌಕ ಎಳೆಯಲು ಹೊರಟ ಶಿಕ್ಷಕರಿಗೆ ಎದುರಾಗುವ ಮೊದಲ ಪ್ರಶ್ನೆ ಅಂಚಿನಲ್ಲಿ ಏನು ಬರೆಯಬೇಕು ಎಂಬುದು. ಕ, ಖ, ಗ ಬರೆಯುವಂತಿಲ್ಲ. ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಎಂದು. ಎರಡನೇ ತರಗತಿಯ ಮಗುವಿಗೆ ವರ್ಣಮಾಲೆಯ ಕ್ರಮ ಇನ್ನೂ ಬಾಯಿಗೆ ಬಂದಿರುವುದಿಲ್ಲ. ಒಂದು ಅಂಚಿಗೆ ಅಂಕಿ, ಇನ್ನೊಂದಕ್ಕೆ ಮಕ್ಕಳಿಗೆ ಆಗಲೇ ಪರಿಚಯವಿರುವ ಪ್ರಾಣಿ-ಪಕ್ಷಿಗಳ ಲೋಗೋ ಇಟ್ಟರೆ ಕೆರೆ ‘ನವಿಲು 4’ ಆಗುತ್ತದೆ, ಶಾಲೆ ‘ಮೊಲ 2’ ಆಗುತ್ತದೆ. ಇದನ್ನು ಬರೆದಿಟ್ಟ ಪಾಠ ಕನ್ನಡದಲ್ಲಿ ಬೇಕು.