ಪಟೇಲ್ ಶಾಟ್, ಸಂಘಂ ಶಾಟ್: ಗಡಿ ಸೀಮೆಯಲ್ಲಿ ಚಿತ್ರ ನೋಡಿದ ಬಗೆ

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಇಂದಿನ ದೃಶ್ಯಕಲಾವಿದರು ಯಾರು, ಅವರ ಪ್ರದರ್ಶನ ಎಲ್ಲಿ ನಡೀತದ ಎಂಬುದು ನನ್ನ ಪ್ರಶ್ನೆ. ಗ್ಯಾಲರಿಯನ್ನಷ್ಟೇ ಹುಡುಕಿದರೆ ಕೈಗೆ ಬಹಳ ಸಿಗೋದಿಲ್ಲ. ಇಲ್ಲಿ ಜನ ಚಿತ್ರದ ಬಳಿಗೆ ಹೋದದ್ದಕ್ಕಿಂತ ಚಿತ್ರವೇ ಜನರ ಬಳಿಗೆ ಬಂದದ್ದು ಹೆಚ್ಚು ಅಂತ ನನ್ನ ವಾದ.

ಮೊದಲು ಗಡಿಯ ಮಾತು. 1956ಕ್ಕೆ ಮುಂಚೆ ತಾಂಡೂರು ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕು. ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯವು. ರಾಜ್ಯ ಪುನರ್ವಿಂಗಡಣೆ ಕಾಯ್ದೆ ಇವನ್ನು ಆಂಧ್ರಪ್ರದೇಶಕ್ಕೆ ಸೇರಿಸಿತು. ಜಹೀರಾಬಾದಿನೊಳಗೆ ನಿರ್ಣಾ ಸರ್ಕಲ್ ಇತ್ತ ಉಳಿಯಿತು, ಬೀದರ್ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲ್ ಅತ್ತ ಹೋಯಿತು. ಕತ್ತರಿ ಅಷ್ಟು ಸಣ್ಣಗೆ ಆಡಿತ್ತು ನೋಡ್ರಿ. ಕಲೆಯ ಚರಿತ್ರೆಯನ್ನೂ ನಾವು ಅದೇ ಗೆರೆಯ ಮೇಲೆ ಬರೆದೆವು: ಗುಲ್ಬರ್ಗಾದಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತ ಕರ್ನಾಟಕದ ಪಾಲಿಗೆ, ಮೆದಕ್ ಜಿಲ್ಲೆಯ ನಿಜಾಮಪುರದಲ್ಲಿ 1940ರಲ್ಲಿ ಹುಟ್ಟಿದ ಕೆ. ಲಕ್ಷ್ಮಾ ಗೌಡ್ ತೆಲಂಗಾಣದ ಪಾಲಿಗೆ. ಹುಟ್ಟಿದಾಗ ಇಬ್ಬರೂ ನಿಜಾಮ ಸಂಸ್ಥಾನದ ಪ್ರಜೆಗಳೇ.

ಪಂಡಿತರು ಮುಂಬಯಿಯಲ್ಲಿ ಸಿನಿಮಾ ಪೋಸ್ಟರು, ಪತ್ರಿಕೆಯ ಮುಖಪುಟ, ಪೌರಾಣಿಕ ಕ್ಯಾಲೆಂಡರ್ ಬರೆದು ಹೆಸರು ಮಾಡಿದವರು. ಅವರ ಹೆಸರು ಕಲಬುರಗಿಯಲ್ಲಿ ರಂಗಮಂದಿರಕ್ಕೆ ಬಂದದೆ, ಚಿತ್ರಕಾರನ ಹೆಸರು ನಾಟಕದ ಮನೆಗೆ, ಇರಲಿ. ಅಂಗಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರು ವರ್ಷ ಮುಗಿದರೂ ಗೋಡೆಯಿಂದ ಇಳಿಯುತ್ತಿರಲಿಲ್ಲ. ಕಲೆಗಾರನ ಹೆಸರು ಕೇಳದೆ, ತಲೆ ಎತ್ತಿ, ಕೈಮುಗಿದು ನೋಡಿದ ಪ್ರದರ್ಶನ ಅದು.

ಈ 'ತಲೆ ಎತ್ತಿ' ಎಂಬ ಮಾತನ್ನು ನಾನು ಬೇಕಂತಲೇ ಬಳಸಿದೆ. ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ 1983ರಿಂದ ಕೆಲಸ ಮಾಡುತ್ತಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ದಲಿತ ರೈತ ಹೆಣ್ಣುಮಕ್ಕಳೇ ಹೆಚ್ಚು. ಸಂಸ್ಥೆ ಕಟ್ಟಿದವರಲ್ಲೊಬ್ಬರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿದ್ದವರು, 2023ರಲ್ಲಿ ತೀರಿಕೊಂಡರು. ಅಲ್ಲಿ ಓದು ಬರಹ ಬಾರದ ಹೆಂಗಸರೂ ವಿಡಿಯೊ ಕ್ಯಾಮೆರಾ ಕಲಿತರು. ವಾರಂಗಲ್ಲಿನ ಬಿಟಿ ಹತ್ತಿ ಬೆಳೆಗಾರರ ಸಿಟ್ಟನ್ನು ಚಿತ್ರ ಮಾಡಿ, ಅದನ್ನು ಹೊರದೇಶಗಳಲ್ಲೂ ತೋರಿಸಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಪರಿಭಾಷೆ. ಮೇಲಿಂದ ಕೆಳಕ್ಕೆ ನೋಡಿದರೆ 'ಪಟೇಲ್ ಶಾಟ್', ಒಡೆಯ ಆಳನ್ನು ನೋಡುವ ಹಾಗೆ. ಕೆಳಗಿಂದ ಮೇಲಕ್ಕೆ ನೋಡಿದರೆ ಆಳಿನ ಶಾಟ್. ಕಣ್ಣಿನ ಮಟ್ಟದಲ್ಲಿದ್ದರೆ 'ಸಂಘಂ ಶಾಟ್', ಯಾಕಂದರೆ ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಸಮನಾಗಿ ಕೂಡುತ್ತಾರೆ. ಕಾವ್ಯಮೀಮಾಂಸೆ ಓದುವ ನಾವು ಪಾರಿಭಾಷಿಕ ಪದಕ್ಕಾಗಿ ಸಂಸ್ಕೃತದ ಕಡೆಗೋ ಇಂಗ್ಲಿಷಿನ ಕಡೆಗೋ ಕೈಚಾಚುತ್ತೇವೆ. ಇವರು ತಮ್ಮ ಬೆನ್ನಿಗೆ ಗೊತ್ತಿದ್ದ ಮಾತನ್ನೇ ಎತ್ತಿಕೊಂಡರು. ವಿಮರ್ಶೆ ಅಂದರೆ ಇದೇ ಅಲ್ಲವೇನ್ರಿ?

ಇವರ ಪ್ರದರ್ಶನವೂ ಹಾಗೆಯೇ. ವರ್ಷವರ್ಷ ಸಂಕ್ರಾಂತಿ ಹೊತ್ತಿಗೆ 'ಪಾತ ಪಂಟಲ ಜಾತರ', ಅಂದರೆ ಹಳೆ ಬೆಳೆಗಳ ಜಾತ್ರೆ ಹೊರಡುತ್ತದೆ. ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ಜೋಳ, ನವಣೆ, ತೊಗರಿಯ ದೇಸಿ ಬೀಜಗಳನ್ನು ಹೇರಿಕೊಂಡು ಊರೂರು ತಿರುಗುತ್ತಾರೆ. ಗ್ಯಾಲರಿಯಲ್ಲಿ 'ಮುಟ್ಟಬೇಡಿ' ಎಂಬ ಫಲಕ ಇರ್ತದ. ಇಲ್ಲಿ ಬೀಜವನ್ನು ಮುಟ್ಟದೆ ಹೋದರೆ ನೋಡಿದ ಹಾಗೇ ಅಲ್ಲ. ಇದನ್ನು ಕೃಷಿ ಪ್ರಚಾರ ಅಂತ ಬದಿಗಿಡಬಹುದು. ಹಾಗೆ ನೋಡಿದರೆ ಪಂಡಿತರ ಕ್ಯಾಲೆಂಡರೂ ಅಂಗಡಿಯ ಪ್ರಚಾರವೇ.

ಮುಂದೆ ಈ ಸೀಮೆಯ ಮನೆಗಳ ಹಳೆ ಕ್ಯಾಲೆಂಡರುಗಳ ಪಟ್ಟಿ ಮಾಡಬೇಕು ಅಂತಿದ್ದೀನಿ. ದೇವರ ಚಿತ್ರದಷ್ಟೇ ಅದರ ಕೆಳಗಿನ ಪಟ್ಟಿಯೂ ಮುಖ್ಯ: ಅಂಗಡಿಯ ಹೆಸರು ಕನ್ನಡದಲ್ಲಿತ್ತೋ, ಉರ್ದುವಿನಲ್ಲೋ, ತೆಲುಗಿನಲ್ಲೋ, ಯಾವ ವರ್ಷ ಬದಲಾಯಿತೋ ನೋಡಬೇಕು. ನಿಮ್ಮ ಮನೆಯಾಗ ಅಂಥವು ಇದ್ದರೆ ಹರಿದು ಒಲೆಗೆ ಹಾಕಬ್ಯಾಡ್ರಿ; ಕೆಳಗಿನ ಪಟ್ಟಿಯೂ ಕಾಣುವ ಹಾಗೆ ಒಂದು ಫೋಟೋ ತೆಗೆದು ಕಳಿಸ್ರಿ.