ನಾಲ್ಕು ಹಜ್ಜ್ ಕಾಲಗಳವರೆಗೆ ಹಂಚದೆ ಉಳಿದ ಆಸ್ತಿ

ಮನುಷ್ಯನು ಬಿಟ್ಟುಹೋಗುವ ಸಂಪತ್ತು ಮಕ್ಕಳಿಗೆ ಆಸರೆಯಾಗಬಹುದು, ಕಲಹದ ಮೂಲವೂ ಆಗಬಹುದು. ಇವೆರಡರಲ್ಲಿ ಯಾವುದಾಗುವುದೆಂಬುದು ಬಹುಮಟ್ಟಿಗೆ ಅವನು ಬದುಕಿರುವಾಗ ಮಾಡಿಟ್ಟ ವ್ಯವಸ್ಥೆಯನ್ನು ಅವಲಂಬಿಸಿದೆ. ಇಸ್ಲಾಮಿನ ಆರಂಭಕಾಲದ ಇತಿಹಾಸದಲ್ಲಿ ಇದಕ್ಕೊಂದು ವಿವರವಾದ ನಿದರ್ಶನವಿದೆ. ಅದು ಹಝ್ರತ್ ಝುಬೈರ್ ಬಿನ್ ಅವ್ವಾಮ್(ರ)ರ ಆಸ್ತಿಯ ವೃತ್ತಾಂತ. ಅವರ ಪುತ್ರ ಅಬ್ದುಲ್ಲಾ(ರ) ಹೇಳಿದ ಈ ವೃತ್ತಾಂತವನ್ನು ಇಮಾಮ್ ಬುಖಾರಿ(ರಹ್)ಯವರು ತಮ್ಮ ಸಹೀಹ್ ಗ್ರಂಥದಲ್ಲಿ ದಾಖಲಿಸಿದ್ದಾರೆ.

ಝುಬೈರ್(ರ) ಪ್ರವಾದಿ(ಸ)ರ ಸೋದರತ್ತೆ ಸಫಿಯ್ಯಾ(ರ)ರ ಪುತ್ರರು. ಸ್ವರ್ಗದ ಶುಭವಾರ್ತೆ ಪಡೆದ ಹತ್ತು ಮಂದಿಯಲ್ಲಿ ಒಬ್ಬರು. ಹಿಜರಿ 36ರಲ್ಲಿ (ಕ್ರಿ.ಶ. 656) ಬಸ್ರಾದ ಬಳಿ ಜಮಲ್ ಯುದ್ಧ ನಡೆದ ದಿನ ಅವರು ಮಗನನ್ನು ಬಳಿಗೆ ಕರೆದರು. ತಾನು ಅಂದು ಹತನಾಗುವೆನೆಂಬ ಭಾವನೆ ಅವರಲ್ಲಿತ್ತು. ಆದರೆ ಅವರನ್ನು ಕಾಡಿದ ಚಿಂತೆ ಮರಣದ್ದಲ್ಲ, ಸಾಲದ್ದು. ಆಸ್ತಿಯನ್ನು ಮಾರಿ ಸಾಲ ತೀರಿಸುವಂತೆ ಮಗನಿಗೆ ಆದೇಶಿಸಿದರು. ಉಳಿದುದರಲ್ಲಿ ಮೂರನೇ ಒಂದು ಭಾಗಕ್ಕೆ ವಸಿಯ್ಯತ್ ಮಾಡಿ, ಆ ಭಾಗದ ಮೂರನೇ ಒಂದಂಶವನ್ನು ಅಬ್ದುಲ್ಲಾ(ರ)ರ ಮಕ್ಕಳಿಗೆ ಮೀಸಲಿಟ್ಟರು. ಸಾಲ ತೀರಿಸಲು ಕಷ್ಟವಾದರೆ ತನ್ನ ಒಡೆಯನ ನೆರವು ಕೇಳೆಂದರು. ಒಡೆಯನೆಂದರೆ ಯಾರೆಂದು ಮಗನಿಗೆ ತಿಳಿಯಲಿಲ್ಲ. ಕೇಳಿದಾಗ, ಅಲ್ಲಾಹನೇ ಎಂದು ಉತ್ತರ ಬಂತು.

ಆ ಸಾಲ ದುಂದುವೆಚ್ಚದಿಂದ ಬಂದುದಲ್ಲ. ಜನರು ತಮ್ಮ ಹಣವನ್ನು ಜೋಪಾನಕ್ಕೆಂದು ಅವರ ಬಳಿಗೆ ತರುತ್ತಿದ್ದರು. ಅಮಾನತ್ತಾಗಿ ಇಟ್ಟುಕೊಂಡು ಅದೇನಾದರೂ ನಷ್ಟವಾದರೆ ಕೊಟ್ಟವನಿಗೆ ಹಾನಿಯಾಗುವುದೆಂದು ಹೆದರಿ, ಝುಬೈರ್(ರ) ಅದನ್ನು ಸಾಲವಾಗಿಯೇ ಸ್ವೀಕರಿಸುತ್ತಿದ್ದರು. ಹೀಗೆ ಬೆಳೆದ ಮೊತ್ತವನ್ನು ಅಬ್ದುಲ್ಲಾ(ರ) ಲೆಕ್ಕ ಹಾಕಿದಾಗ 22 ಲಕ್ಷವಾಯಿತು. ಮನೆಯಲ್ಲಿ ಒಂದು ದಿರ್ಹಮ್ ಆಗಲಿ, ದೀನಾರ್ ಆಗಲಿ ಇರಲಿಲ್ಲ. ಇದ್ದುದು ಭೂಮಿ, ಮದೀನಾದ 11 ಮನೆಗಳು, ಬಸ್ರಾದಲ್ಲಿ ಎರಡು, ಕೂಫಾ ಮತ್ತು ಈಜಿಪ್ಟಿನಲ್ಲಿ ಒಂದೊಂದು ಮನೆ. 1,70,000ಕ್ಕೆ ಖರೀದಿಸಿದ್ದ ಗಾಬಾ ಎಂಬ ಭೂಮಿಯನ್ನು ಅಬ್ದುಲ್ಲಾ(ರ) 16 ಲಕ್ಷಕ್ಕೆ ಮಾರಿದರು. ನಾಲ್ಕು ಲಕ್ಷ ಬರಬೇಕಾಗಿದ್ದ ಅಬ್ದುಲ್ಲಾ ಬಿನ್ ಜಅಫರ್(ರ) ಅದನ್ನು ಬಿಟ್ಟುಕೊಡಲು ಮುಂದಾದರೂ ಒಪ್ಪದೆ, ಅದೇ ಭೂಮಿಯಲ್ಲಿ ಅವರ ಪಾಲನ್ನು ಅಳೆದುಕೊಟ್ಟರು.

ಸಾಲ ತೀರಿದ ಮೇಲೆ ಝುಬೈರ್(ರ)ರ ಇತರ ಮಕ್ಕಳು ಪಾಲು ಕೇಳಿದರು. ಅಬ್ದುಲ್ಲಾ(ರ) ಕೊಡಲಿಲ್ಲ. ನಾಲ್ಕು ವರ್ಷ ಹಜ್ಜ್ ಕಾಲದಲ್ಲಿ, ತಂದೆಯಿಂದ ಸಾಲ ಬರಬೇಕಾದವರು ಬಂದು ಪಡೆಯಿರಿ ಎಂದು ಘೋಷಿಸಿದರು. ನಾಲ್ಕು ವರ್ಷಗಳು ಕಳೆದ ಬಳಿಕವೇ ವಸಿಯ್ಯತ್‌ನ ಭಾಗವನ್ನು ಬೇರೆ ತೆಗೆದು ಉಳಿದುದನ್ನು ಹಂಚಿದರು. ನಾಲ್ವರು ಪತ್ನಿಯರಿಗೆ ತಲಾ 12 ಲಕ್ಷ ದೊರೆಯಿತು.

ಸೂರಃ ಅನ್ನಿಸಾದ 11 ಮತ್ತು 12ನೇ ಸೂಕ್ತಗಳಲ್ಲಿ ಪಾಲುಗಳನ್ನು ನಿಗದಿಪಡಿಸುವಾಗ, ಅವು ವಸಿಯ್ಯತ್ ಮತ್ತು ಸಾಲದ ಬಳಿಕವೇ ಎಂಬುದನ್ನು ನಾಲ್ಕು ಬಾರಿ ನೆನಪಿಸಲಾಗಿದೆ. ವಸಿಯ್ಯತ್‌ಗಿಂತಲೂ ಮುಂಚೆ ಸಾಲವನ್ನು ತೀರಿಸುವುದು ಪ್ರವಾದಿ(ಸ)ರ ಕ್ರಮವಾಗಿತ್ತು. ಉಹುದ್‌ನಲ್ಲಿ ಹುತಾತ್ಮರಾದ ಸಅದ್ ಬಿನ್ ರಬೀಅ್(ರ)ರ ಸಮಸ್ತ ಆಸ್ತಿಯನ್ನು ಅವರ ಸಹೋದರನು ವಶಪಡಿಸಿಕೊಂಡಾಗ, ವಿಧವೆಯು ಇಬ್ಬರು ಹೆಣ್ಣುಮಕ್ಕಳೊಂದಿಗೆ ಪ್ರವಾದಿ(ಸ)ರ ಬಳಿಗೆ ಬಂದಿದ್ದರು. ವಾರೀಸು ಹಕ್ಕಿನ ಸೂಕ್ತ ಅವತೀರ್ಣಗೊಂಡ ಬಳಿಕ ಹೆಣ್ಣುಮಕ್ಕಳಿಗೆ ಮೂರನೇ ಎರಡು, ತಾಯಿಗೆ ಎಂಟನೇ ಒಂದು ಭಾಗವನ್ನು ಕೊಡಿಸಲಾಯಿತು. ಸಹೋದರನಿಗೆ ದೊರೆತದ್ದು ಉಳಿದ ಅಂಶ ಮಾತ್ರ.

ಝುಬೈರ್(ರ) ಮೊಮ್ಮಕ್ಕಳಿಗಾಗಿ ಮಾಡಿದ ವಸಿಯ್ಯತ್ತನ್ನೂ ಗಮನಿಸಬೇಕು. ಮಗನು ಬದುಕಿದ್ದುದರಿಂದ ಆ ಮಕ್ಕಳು ವಾರೀಸುದಾರರಾಗಿರಲಿಲ್ಲ. ನಿಗದಿತ ಪಾಲು ಇಲ್ಲದವರಿಗೆ ಆಸರೆಯಾಗಲೆಂದೇ ಮೂರನೇ ಒಂದು ಭಾಗದ ಅವಕಾಶವಿದೆ. ತಂದೆಯನ್ನು ಕಳೆದುಕೊಂಡು, ಚಿಕ್ಕಪ್ಪ ದೊಡ್ಡಪ್ಪಂದಿರಿರುವಾಗ ಅಜ್ಜನ ಆಸ್ತಿಯಲ್ಲಿ ಪಾಲಿಲ್ಲದೆ ಉಳಿಯುವ ಅನಾಥ ಮೊಮ್ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಇಂಥವರಿಗಾಗಿ ಈಜಿಪ್ಟ್ 1946ರಲ್ಲಿ ವಸಿಯ್ಯತ್ತನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಿತು. ನಮ್ಮಲ್ಲಿ ಅಂಥ ಕಾನೂನಿಲ್ಲ. ಆದ್ದರಿಂದ ಅಜ್ಜನೇ ಬದುಕಿರುವಾಗ ನೆನಪಿಟ್ಟು ಬರೆಯಬೇಕು. ಮೂರನೇ ಒಂದು ಭಾಗದ ಮಿತಿಯನ್ನು ಭಾರತದ ನ್ಯಾಯಾಲಯಗಳೂ ಅಂಗೀಕರಿಸಿವೆ.

ಒಮ್ಮೆ ಬರೆದರೆ ಮುಗಿಯಿತೆಂದೂ ಅಲ್ಲ. ಸಅದ್ ಬಿನ್ ಅಬೀ ವಕ್ಕಾಸ್(ರ) ಮಕ್ಕಾದಲ್ಲಿ ಕಾಯಿಲೆಯಿಂದ ಮಲಗಿ ಆಸ್ತಿಯ ಬಹುಭಾಗವನ್ನು ದಾನಮಾಡಲು ಬಯಸಿದಾಗ, ಮೂರನೇ ಒಂದೇ ಬಹಳವಾಯಿತೆಂದು ಪ್ರವಾದಿ(ಸ) ತಡೆದರು. ಅಂದು ಅವರಿಗೆ ಒಬ್ಬಳೇ ಮಗಳು. ಅವರು ಗುಣಮುಖರಾದರು, ಅನಂತರ ಇನ್ನೂ ಮಕ್ಕಳಾದರು. ಬದುಕು ಬದಲಾದಂತೆ ವಸಿಯ್ಯತ್ತನ್ನೂ ತಿದ್ದಬೇಕು. ಜೀವಂತವಿರುವವರೆಗೆ ಆ ಹಕ್ಕು ಬರೆದವನದೇ. ಈ ಕುರಿತು ಪ್ರವಾದಿ(ಸ)ರ ಮಾತನ್ನು ಕೇಳಿದ ದಿನದಿಂದ ಅಬ್ದುಲ್ಲಾ ಬಿನ್ ಉಮರ್(ರ) ಒಂದು ರಾತ್ರಿಯನ್ನೂ ವಸಿಯ್ಯತ್ ಬಳಿಯಿಲ್ಲದೆ ಕಳೆದವರಲ್ಲ.

ನಮ್ಮಲ್ಲಿ ಎಷ್ಟು ಮಂದಿಯ ಕೈಸಾಲಗಳು ಮನೆಯವರಿಗೆ ತಿಳಿದಿವೆ? ಪತ್ನಿಗೆ ಕೊಡದೆ ಉಳಿದ ಮಹ್ರ್ ಕೂಡ ಸಾಲವೇ ಎಂಬುದನ್ನು ಎಷ್ಟು ಮಂದಿ ಬರೆದಿಟ್ಟಿದ್ದಾರೆ? ಸಹೋದರಿಯರ ಪಾಲನ್ನು ಮದುವೆಯ ಖರ್ಚಿನ ಲೆಕ್ಕಕ್ಕೆ ಹಾಕಿ ಮುಗಿಸುವ ಮನೆಗಳು ಇಂದಿಗೂ ಇವೆ. ಝುಬೈರ್(ರ)ರ ಸಾಲದ ಲೆಕ್ಕ ಮಗನಿಗೆ ಸಿಕ್ಕಿತು. ನಮ್ಮ ಲೆಕ್ಕವೂ ನಮ್ಮ ಮಕ್ಕಳಿಗೆ ಸಿಗುವಂತಿರಬೇಕು. ಇತರರ ಹಕ್ಕನ್ನು ಹೆಗಲ ಮೇಲೆ ಹೊತ್ತು ತನ್ನ ಸನ್ನಿಧಿಗೆ ಬರುವವರಲ್ಲಿ ಅಲ್ಲಾಹನು ನಮ್ಮನ್ನು ಸೇರಿಸದಿರಲಿ. ಆಮೀನ್.